ಹನ್ನೆರಡನೇ ಅಂಗಿ

ಬೇಕರಿಯ ಸಾಲಿನಲ್ಲಿ ನನ್ನ ಮುಂದೆ ಐಲ್ಸಾ, ಅವಳ ನೆರೆಮನೆಯ ವೆರ್ನಾ. ಊರ ಮಕ್ಕಳ ಫುಟ್‌ಬಾಲ್ ಅಂಗಿಗಳಿಗೆ ನಂಬರು ಹೊಲಿಯುವವಳು ಐಲ್ಸಾ. ಮೆಲ್ಬರ್ನಿನ ತಂಡದಲ್ಲಿ ಅವಳ ಮಗನದು ಮೂವತ್ತೆರಡನೇ ನಂಬರು. ಮಕ್ಕಳಿಗೂ ಅದೇ ಬೇಕಿತ್ತು.

“ನಿನ್ನ ಮಗನ್ನ ಟೀಮಿಂದ ತೆಗೆದ್ರಂತೆ?” ವೆರ್ನಾ ಕೇಳಿದಳು.

“ಕುಡಿದು ನಮ್ಮೂರ ಹುಡುಗಿ ದವಡೆ ಮುರಿದೋನನ್ನ ಇಟ್ಕೊಳ್ತಾರಾ?”

“ಬೇರೆ ಟೀಮು?”

“ಇದು ಮೂರನೇ ಸಲ ಕಣೆ. ಯಾರೂ ಕರೆಯಲ್ಲ.”

“ಮಕ್ಕಳ ಅಂಗಿ?”

“ನಂಬರು ಬಿಚ್ಚಿಕೊಡು ಅಂತ ಹನ್ನೊಂದು ಬಂದ್ವು. ಬಿಚ್ಚಿದೆ. ಸೂಜಿ ತೂತು ಹೋಗಲ್ಲ.”

“ಮೊದಲು ಯಾರು ಬಂದ್ರು?”

“ಆ ಹುಡುಗಿ ತಾಯಿ. ಚಿಕ್ಕ ಮಗನ ಅಂಗಿ ತಂದಿದ್ಲು. ಕೊನೇ ನೂಲು ಬರೋವರೆಗೂ ನಿಂತಿದ್ಲು. ನಾನು ತಲೆ ಎತ್ತಲಿಲ್ಲ.”

ಬ್ರೆಡ್ಡು ತೆಗೆದುಕೊಂಡು ಹೊರಡುವಾಗ ವೆರ್ನಾ ಚೀಲದಿಂದ ಮೂವತ್ತೆರಡು ನಂಬರಿನ ಒಂದು ಪುಟ್ಟ ಅಂಗಿ ತೆಗೆದು ಐಲ್ಸಾಳ ಕೈಗಿಟ್ಟಳು.