ರೋಷನಬಿಯ ಬದನಿ ಸಸಿ

ಇಲ್ಲ ರೋಷನಬಿ, ಈ ಲಕ್ಷ್ಮವ್ವನ ಮಾತ ನಂಬು. ಮಳೀನ ಕಾರಣ, ಮತ್ತೇನಲ್ಲ. ನೀ ಊರಿಗೆ ಹೋಗಿ ಎಂಟ ದಿನಕ್ಕ ಹಿಡಕೊಂತು, ಬಿಡಲೇ ಇಲ್ಲ. ಗೋವಾದ ಮಳಿ ನಿನಗ ಗೊತ್ತಿಲ್ಲೇನು? ಈ ಸಾಂಖಳಿ ಚಾಳಿನ ಅಂಗಳದಾಗ ಮಣಕಾಲ ಮಟಾ ನೀರು... ಕುಂದ್ರ ಬಾ ಮೊದಲ. ಬ್ಯಾಗ ಹಿಡಕೊಂಡ ಯಾಕ ನಿಂತೀ? ಚಾ ಇಡತೇನಿ.

ಬ್ಯಾಡಾ? ಆತು.

ಎಂಟ ಡಬ್ಬಿ ಬದನಿ ಬಿಟ್ಟು ಹೋಗಿದ್ದಿ, ಮೂರು ಹ್ವಾದವು. ತಪ್ಪಾತು. ಆದ್ರ ಐದು ಉಳದಾವಲ್ಲ! ನಿಮ್ಮವ್ವ ಕಡೀಕ ಕೊಟ್ಟ ಬೀಜ, ನನಗ ಗೊತ್ತಿಲ್ಲೇನು? ನೀ ಅಲ್ಲೆ ಅಕಿ ತೀರಿದ ನಲವತ್ತನೇ ದಿನದ ಕಾರ್ಯಾ ಮುಗಸೂ ತನಕ ನಾ ಇಲ್ಲೆ ಇವನ್ನ ಕೂಸಿನಂಗ ನೋಡಕೊಂಡೇನಿ. ತಾಡಪತ್ರಿ ಕಟ್ಟಿದ್ನಿ, ಗಾಳಿ ಹಾರಿಸಿಕೊಂಡ ಹೋತು. ಶಂಖದ ಹುಳಾ ಬಂದ್ವು, ಉಪ್ಪ ಹಾಕಿದ್ನಿ. ಕಟ್ಟಡದ ಸೈಟಿಗೆ ಕೆಲಸಕ್ಕ ಹೋಗೂ ಮುಂದ ಒಮ್ಮೆ, ಬಂದ ಮ್ಯಾಲ ಒಮ್ಮೆ...

ಯಾಕ ನಗತೀ? ನಗಲಿಲ್ಲಾ? ನಕ್ಕಂಗ ಕಂಡ್ತು.

ನೋಡಲ್ಲೆ, ಎಷ್ಟ ಚಲೋ ಎದ್ದಾವ! ಎಲಿ ಯಾಕ ಸವರಾಕತ್ತೀ? ಹರದೀತು, ಬಿಡ. ಎಲಿ ಹಿಂದ ಏನ ಹುಡಕತೀ?

ಮುಳ್ಳು...

ಹೌದು, ನಿಮ್ಮವ್ವನ ಬದನಿ ಎಲಿಗೂ ಮುಳ್ಳ ಇರತಾವು. ಅದು... ಮಳ್ಯಾಗ ಬೆಳದ್ರ ಬರೂದಿಲ್ಲೇನೋ, ಯಾರಿಗ್ಗೊತ್ತು...

ಹಂಗ ನೋಡಬ್ಯಾಡ ತಂಗಿ. ಏನರೆ ಅನ್ನು. ಬೈಯಿ.

ಬಾಜಾರದಿಂದ ತಂದ್ನಿ ಇವನ್ನ. ನಿನ್ನವು ಎಂಟೂ ಹ್ವಾದವು. ಬುಡಾ ಕೊಳತು... ಮಳಿ ಅಂದ್ನೆಲ್ಲ, ಮಳೀನ...

ಡಬ್ಬಿ ಯಾಕ ಎತ್ತತೀ? ಇಡು. ತಳಾ ನೋಡಬ್ಯಾಡ ರೋಷನಬಿ.

...ಸಿಮೆಂಟ. ಹೌದು.

ನೀ ಹ್ವಾದ ಮೊದಲನೇ ವಾರ ಮಳೀನ ಇರಲಿಲ್ಲ. ನಳದ ಮುಂದ ಪಾಳಿ ನಿಂತು ಕೊಡಾ ಹೊತ್ತು ತಂದು ಹಾಕಿದ್ರ, ಎಲ್ಲಾ ತೂತನ್ಯಾಗಿಂದ ಹರದು ಹೋಗೂದು. ನಾ ನಮ್ಮೂರಾಗ ಮಾರಿ ತೊಳದ ನೀರಿನ್ಯಾಗ ಹೀರಿಕಾಯಿ ಬಳ್ಳಿ ಬೆಳಸಿದಕಿ. ನೀ ಬೇಕಂತ ಮೊಳಿ ಬಡದು ತೂತ ಮಾಡೀ ಅಂತ ತಿಳೀಲಿಲ್ಲ, ಹಳೇ ಡಬ್ಬಿ, ಸೋರತಾವ ಅಂದ್ಕೊಂಡ್ನಿ. ಸೈಟಿನಿಂದ ಒಂದ ಮುಟಗಿ ಸಿಮೆಂಟ ತಂದು ಎಂಟಕ್ಕೂ ಮೆತ್ತಿದ್ನಿ. ಈ ಕೈಲೆ. ಸಸಿ ಸತ್ತ ಮ್ಯಾಲ ಕೆತ್ತಿ ತಗದೇನಿ, ಸುತ್ತ ಇನ್ನೂ ಅಂಟೇತಿ.

ಊರಾಗ, ನಿಮ್ಮವ್ವನ ಡಬ್ಬ್ಯಾಗ, ನಾಕ ಬೀಜರೆ ಉಳದಿರಬೇಕಲ್ಲ?

ಇಲ್ಲಾ...

ಇಷ್ಟೇ, ಮತ್ತೇನಿಲ್ಲ. ತಿಳೀಲಾರದ ಮಾಡೇನಿ.

ಯಾಕ ಇನ್ನೂ ನೋಡಾಕತ್ತೀ?

ತಿಳದಿತ್ತು. ಸೋಮವಾರ ಮಳಿ ಹಿಡದಾಗ ನಮ್ಮ ಮನ್ಯಾಗಿನವರು ಡಬ್ಬಿ ನೋಡಿ, ಸಸಿ ಮುಳಗ್ಯಾವ, ತೂತ ಬಿಡಸು ಅಂದಿದ್ರು. ನನಗ ಕೆಲಸದಿಂದ ಬಂದು ಮೈಕೈ ನೋವು. ರವಿವಾರ ಸೂಟಿ ಐತೆಲ್ಲ, ಅವತ್ತ ಬಿಡಸತೇನಿ ಅಂದ್ನಿ. ದಿನಾ ಅವನ್ನ ದಾಟಿಕೊಂಡ ಸೈಟಿಗೆ ಹ್ವಾದ್ನಿ ರೋಷನಬಿ. ಶನಿವಾರಕ್ಕ ಒಂದೂ ಉಳದಿರಲಿಲ್ಲ.