ಐದನೆಯ ಉತ್ತರ

ಇದು ಕಟ್ಟುಕತೆಯಲ್ಲ. ನಮ್ಮ ದೊಡ್ಡಮ್ಮನ ಮಗ ಹಾಲೇಶನಿಗೆ 2003ರಲ್ಲಿ, ಭದ್ರಾವತಿಯಲ್ಲಿ ಆದದ್ದು. ನಗುವವರು ಈಗಲೇ ನಕ್ಕುಬಿಡಿ.

ರಾತ್ರಿ ಹತ್ತೂವರೆ. ತಾನು ನೋಡಿಕೊಳ್ಳುತ್ತಿದ್ದ ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಬೀಗ ಹಾಕಿ, ಹಾಲೇಶ ಹಳೇ ಬಾವಿಯ ದಾರಿಯಲ್ಲಿ ಮನೆಗೆ ಹೊರಟಿದ್ದ. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ, ಹೊಸದಾಗಿ ಬಂದ ಹನ್ನೆರಡು ನೆಟ್‌ವರ್ಕ್ ಕಾರ್ಡು ಪರೀಕ್ಷೆ ಮಾಡಿದ್ದ. ಕಾರ್ಡುಗಳನ್ನು ಜೋಡಿಸುವ ಹೊಸ ವೈರು ಇನ್ನೂ ಬಂದಿರಲಿಲ್ಲ, ಲ್ಯಾಬಿನಲ್ಲಿ ಅಂಥ ಒಂದು ವೈರೂ ಇಲ್ಲ. ಅದಕ್ಕೇ ಕಾರ್ಡಿಗೆ ಒಂದು ಗಿಡ್ಡ ಪ್ಲಗ್ಗು ಸಿಕ್ಕಿಸಿದ್ದ... ಕಳಿಸಿದ್ದನ್ನೇ ತಿರುಗಿಸಿ ವಾಪಸ್ ಕೊಡುವಂಥದ್ದು. ನಾಲ್ಕು ಸಂದೇಶ ಕಳಿಸಿದರೆ ನಾಲ್ಕು ಉತ್ತರ ಬರಬೇಕು, ಆಗ ಕಾರ್ಡು ಸರಿಯಿದೆ ಎಂದರ್ಥ. ಹನ್ನೊಂದು ಸರಿಯಿದ್ದವು. ಹನ್ನೆರಡನೆಯದರಲ್ಲಿ ಕಳಿಸಿದ್ದು ನಾಲ್ಕು... ಬಂದದ್ದು ಐದು. ಮತ್ತೆ ನೋಡಿದ. ಐದೇ.

ಬಾವಿಯ ಹತ್ತಿರ ಸದ್ದು. ಟಕ್... ಟಕ್... ವೈರಿನ ತುದಿ ಕಿತ್ತಾಗ ಬರುವ ಸದ್ದು.

ಗುಡುಗಿನ ದಿನಗಳಲ್ಲಿ ಅಟೆಂಡರ್ ಸುಬ್ಬಪ್ಪ ಸಂಜೆ ಹಾಗೆ ಒಂದೊಂದೇ ವೈರು ಕಿತ್ತು ಮೊಳೆಗೆ ನೇತುಹಾಕುತ್ತಿದ್ದ, ಸಿಡಿಲಿಗೆ ಕಾರ್ಡು ಸುಡಬಾರದೆಂದು. ಕೆಲವು ತಿಂಗಳ ಹಿಂದೆ ಅಂಥದೇ ಒಂದು ಸಂಜೆ ಹಾಲೇಶನೇ ತಡೆದಿದ್ದ. ಕೆಲಸ ಬಾಕಿ ಇದೆ, ಆಮೇಲೆ ನಾನೇ ತೆಗೀತೀನಿ, ನೀವು ಹೊರಡಿ ಅಂದಿದ್ದ. ಮರೆತ. ಸಿಡಿಲು ಹೊಡೆದು ಎಲ್ಲ ವೈರೂ ಕಾರ್ಡೂ ಸುಟ್ಟವು. ಬೆಳಿಗ್ಗೆ ಪ್ರಿನ್ಸಿಪಾಲರು ಕೇಳಿದಾಗ, ವೈರು ತೆಗೆಯೋದು ಸುಬ್ಬಪ್ಪನ ಕೆಲಸ ಅಂದುಬಿಟ್ಟ. ಸುಬ್ಬಪ್ಪ ಇವನ ಮುಖ ನೋಡಿದ, ತಪ್ಪನ್ನು ತನ್ನ ಮೇಲೇ ಹಾಕಿಕೊಂಡ. ಕೆಲಸ ಹೋಯಿತು. ಮೂರನೇ ವಾರ ಎದೆನೋವಲ್ಲಿ ಮನುಷ್ಯನೇ ಹೋದ. ಹಾಲೇಶ ಮಣ್ಣಿಗೆ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗುವುದು?

ಬಾವಿಕಟ್ಟೆಯ ಮೇಲೆ ಯಾರೋ ಕೂತಿದ್ದರು. ಮುಖ ಕಾಣಲಿಲ್ಲ. ದನಿ ಮಾತ್ರ ಸುಬ್ಬಪ್ಪನದೇ.

“ಸಾರ್... ವೈರ್ ತೆಗೆದ್ರಾ?”

“ಹಾಕೇ ಇಲ್ಲ ಸುಬ್ಬಪ್ಪ...”

“ಮತ್ತೆ ಐದನೇದು ಎಲ್ಲಿಂದ ಬಂತು?”

ರಾಟೆ ಕಿರ್ರ್... ಎಂದಿತು. ಕಟ್ಟೆ ಖಾಲಿ.

ಬೆಳಗಾಗುತ್ತಲೇ ಹಾಲೇಶ ಪ್ರಿನ್ಸಿಪಾಲರ ಮುಂದೆ ನಿಂತು, ತಪ್ಪು ನನ್ನದು ಎಂದು ಬರೆದುಕೊಟ್ಟ. ಅಲ್ಲಿಂದ ಸೀದಾ ಸುಬ್ಬಪ್ಪನ ಹೆಂಡತಿ ಕರಿಬಸಮ್ಮನ ಮನೆಗೆ ಹೋದ. ಆಕೆ ಬಾಗಿಲಲ್ಲೇ ನಿಂತು ಪೂರ್ತಿ ಕೇಳಿಸಿಕೊಂಡಳು.

“ಇದನ್ನ ಅವರಿಗೆ ಹೇಳ್ಬೇಕಿತ್ತು ಸಾರ್,” ಅಂದಳು. “ನಂಗಲ್ಲ.”

ಹಾಲೇಶ ಈಗ ಶಿವಮೊಗ್ಗದ ವಿದ್ಯಾನಗರದಲ್ಲಿದ್ದಾನೆ. ಆ ಹನ್ನೆರಡನೇ ಕಾರ್ಡನ್ನು ಕಾಲೇಜಿನಿಂದ ಕೇಳಿ ತಂದಿಟ್ಟುಕೊಂಡಿದ್ದಾನೆ, ಎಸೆಯಲು ಧೈರ್ಯವಿಲ್ಲ. ಹೋದ ದೀಪಾವಳಿಗೆ ನನ್ನ ಮುಂದೆಯೇ ಹಳೇ ಮಷೀನಿಗೆ ಸಿಕ್ಕಿಸಿ, ಆ ಗಿಡ್ಡ ಪ್ಲಗ್ಗು ಹಾಕಿ ತೋರಿಸಿದ. ದೇವರಾಣೆ, ಕಣ್ಣಾರೆ ನೋಡಿದ್ದೀನಿ. ಕಳಿಸಿದ್ದು ನಾಲ್ಕು. ಬಂದದ್ದು ಐದು.