ಶಶಿರೇಖಾ ಮೇಡಂ ಅವರ ಗುರುವಾರದ ಕಟ್ಟೆ

ಇಂಥ ಬಿಸಿಲಿನಲ್ಲಿ ಸತ್ಯನಾರಾಯಣಪೇಟೆಯ ಈ ಸಣ್ಣ ಸಭಾಭವನವನ್ನು ಹುಡುಕಿಕೊಂಡು ಬಂದ ನಿಮಗೆಲ್ಲ ನಮಸ್ಕಾರ. ವೇದಿಕೆಯಲ್ಲಿರುವ ನಮ್ಮ ಕಾಲೇಜಿನ ಆಡಳಿತ ಮಂಡಳಿಯ ಕಾರ್ಯದರ್ಶಿಗಳಿಗೆ ನಮಸ್ಕಾರ. ದೇಶನೂರಿನಿಂದ ಟ್ರ್ಯಾಕ್ಟರ್ ಮಾಡಿಕೊಂಡು ಬಂದು ಗೋಡೆಗೆ ಒರಗಿ ನಿಂತಿದ್ದೀರಲ್ಲ, ನಿಮಗೂ ನಮಸ್ಕಾರ. ಮುಂದೆ ಕುರ್ಚಿ ಖಾಲಿ ಇವೆ, ಬರ್ರಿ. ಮೇಡಂ ಇದ್ದಿದ್ದರೆ ಮೊದಲು ನಿಮ್ಮನ್ನು ಕೂರಿಸಿ ಆಮೇಲೆ ಸಭೆ ಶುರು ಮಾಡುತ್ತಿದ್ದರು.

ಹೊನ್ನೂರಸ್ವಾಮಿಯವರೇ, ಭಾಗ್ಯಾ — ಹೆಂಡತಿಯನ್ನು ಕಳೆದುಕೊಂಡವರಿಗೆ, ತಾಯಿಯನ್ನು ಕಳೆದುಕೊಂಡ ಮಗಳಿಗೆ ಧೈರ್ಯ ಹೇಳುವ ಮಾತು ನನ್ನ ಹತ್ತಿರ ಇಲ್ಲ. ನಿಮ್ಮ ಜೊತೆ ಇದ್ದೇವೆ. ಅಷ್ಟು ಮಾತ್ರ ಹೇಳಬಲ್ಲೆ.

ನಾನು ಅನಿತಾ. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಶಶಿರೇಖಾ ಮೇಡಂ ಸಮಾಜಶಾಸ್ತ್ರದವರು. ಇಬ್ಬರೂ ದಿನಾ ಬಳ್ಳಾರಿಯಿಂದ ಒಂದೇ ಕುರುಗೋಡು ಬಸ್ಸಿಗೆ ಹತ್ತುತ್ತಿದ್ದೆವು, ಒಂದೇ ಸೀಟಿನಲ್ಲಿ ಕೂತು ಜಗಳ ಆಡುತ್ತಿದ್ದೆವು. ಹೊರಗೆ ಅವರು ನನಗೆ ಮೇಡಂ. ಬಸ್ಸಿನಲ್ಲಿ ಶಶಿಯಕ್ಕ.

ಜಗಳ ಯಾವುದಕ್ಕೆ ಅಂದರೆ — ಟಿವಿಗೆ, ಪೇಪರಿಗೆ, ಈ ಮೊಬೈಲಿಗೆ. ನಾನು ಹೇಳುತ್ತಿದ್ದೆ, ಮಾಧ್ಯಮ ಹೇಳಿದ್ದನ್ನು ಜನ ಹಾಗೇ ನುಂಗುತ್ತಾರೆ, ಆಮೇಲೆ ಹೋಗಿ ಓಟು ಹಾಕುತ್ತಾರೆ, ಕಥೆ ಮುಗಿಯಿತು. ಅವರು ಕಿಟಕಿಯ ಕಡೆ ತಿರುಗಿ ನಗುತ್ತಿದ್ದರು. "ಅಲ್ಲ ಬಿಡು ಅನಿತಾ. ನಿನಗ ಮನ್ಯಾಗ ಅತ್ತಿ ಹೇಳಿದ್ದೇ ತಲಿಗೆ ಹೋಗಂಗಿಲ್ಲ. ಟಿವಿಯವರು ಹೇಳಿದ್ದು ಊರಿಗೂರೇ ಹೆಂಗ ನುಂಗ್ತೈತಿ?" ಹಿಂದಿನ ಸೀಟಿನವರೂ ನಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಈಗ ಆ ಸೀಟಿನಲ್ಲಿ ಒಬ್ಬಳೇ ಕೂತು ಬರುತ್ತೇನೆ. ಆ ಸಿಟ್ಟೇ ಬೇಕು ಅನಿಸುತ್ತದೆ.

ಅವರ ಗುರುವಾರದ ಪಾಠ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗುರುವಾರ ಬಂತೆಂದರೆ ಮೇಡಂ ವಿದ್ಯಾರ್ಥಿಗಳನ್ನು ಬಸ್ಸಿಗೆ ಹತ್ತಿಸಿಕೊಂಡು ಸಿರುಗುಪ್ಪದ ದಾರಿ ಹಿಡಿದು ದೇಶನೂರಿಗೆ ಹೋಗುತ್ತಿದ್ದರು. ಅಲ್ಲಿ ಆಂಜನೇಯ ಗುಡಿಯ ಮುಂದೆ ಒಂದು ಕಟ್ಟೆ, ಎದುರಿಗೆ ಚಹಾದ ಹೋಟೆಲ್, ಹೋಟೆಲಿನಲ್ಲಿ ಒಂದು ಟಿವಿ. ವಿದ್ಯಾರ್ಥಿಗಳು ಕಟ್ಟೆಯ ಮೇಲೆ ಸುಮ್ಮನೆ ಕೂರಬೇಕು. ಪ್ರಶ್ನಾವಳಿ ಇಲ್ಲ, ಬರೆದುಕೊಳ್ಳುವ ಹಾಗಿಲ್ಲ. ಒಂದೇ ಮಾತು ಹೇಳುತ್ತಿದ್ದರು: "ಸುದ್ದಿ ಬಂದಾಗ ಟಿವಿ ನೋಡಬ್ಯಾಡ್ರಿ. ಜನ ಯಾರ ಮುಖ ನೋಡ್ತಾರ, ಅದನ್ನ ನೋಡ್ರಿ."

ನೋಡಿದರೆ — ಎಲ್ಲರೂ ಜಡೆಪ್ಪಜ್ಜನ ಮುಖ ನೋಡುತ್ತಿದ್ದರು. ಅಗೋ, ಅಲ್ಲಿ ಕೂತಿದ್ದಾರಲ್ಲ, ಹಳದಿ ರುಮಾಲು, ಅವರೇ. ಟಿವಿಯಲ್ಲಿ ಏನಾದರೂ ದೊಡ್ಡ ಸುದ್ದಿ ಬಂತು ಅನ್ನಿ, ಕಟ್ಟೆಯ ತಲೆಗಳೆಲ್ಲ ಹೀಗೆ ಅಜ್ಜನ ಕಡೆ ತಿರುಗುತ್ತಿದ್ದವು. ಅಜ್ಜ "ಹೂಂ" ಅಂದರೆ ಸುದ್ದಿ ನಿಜ. ಅಜ್ಜ ಎದ್ದು ಹೋಗಿ ಎಲೆ ಅಡಿಕೆ ಉಗುಳಿ ಬಂದರೆ ಆ ಸುದ್ದಿ ಅವತ್ತಿಗೆ ಮುಗಿಯಿತು. ನಗಬೇಡ ಅಜ್ಜ, ನಿನ್ನಿಂದ ನಮ್ಮ ಹುಡುಗರು ಪರೀಕ್ಷೆ ಪಾಸಾಗಿದ್ದಾರೆ.

ಮಾಧ್ಯಮ ನೇರವಾಗಿ ತಲೆಯೊಳಗೆ ಇಳಿಯುವುದಿಲ್ಲ, ನಾವು ನಂಬಿದವರ ಮೂಲಕ ಇಳಿಯುತ್ತದೆ ಅಂತ ಪುಸ್ತಕದಲ್ಲಿ ಪುಟಗಟ್ಟಲೆ ಇದೆ. ಮೇಡಂ ಅದನ್ನು ಕಟ್ಟೆಯ ಮೇಲೆ ತೋರಿಸುತ್ತಿದ್ದರು. ಆದರೆ ಈಚಿನ ವರ್ಷಗಳಲ್ಲಿ ಅವರಿಗೆ ಒಂದು ಚಿಂತೆ ಹತ್ತಿತ್ತು. ಕಟ್ಟೆಯ ಮೇಲೆ ಜನ ಇದ್ದಾರೆ, ಆದರೆ ತಲೆ ತಿರುಗುತ್ತಿಲ್ಲ. ಎಲ್ಲರೂ ತಲೆ ತಗ್ಗಿಸಿ ಅವರವರ ಮೊಬೈಲ್ ನೋಡುತ್ತಾರೆ. "ಅಜ್ಜನ್ನ ಕೇಳೋರು ಯಾರೂ ಉಳಿದಿಲ್ಲ ಅನಿತಾ," ಅಂದಿದ್ದರು. "ಅಜ್ಜ ತಪ್ಪು ಹೇಳಬಹುದು. ಆದ್ರ ಅಜ್ಜನ ಜೋಡಿ ಜಗಳ ಆಡಬಹುದಿತ್ತು. ಮೊಬೈಲಿನ ಜೋಡಿ ಹೆಂಗ ಆಡೋದು?"

ಹೋದ ವರ್ಷ ನಾಟಿಯ ಹೊತ್ತಿನಲ್ಲಿ ಏನಾಯಿತು ಅಂತ ಹೇಳಲೇಬೇಕು. ಆವತ್ತು ಗುರುವಾರ, ನಾನೂ ಜೊತೆಗಿದ್ದೆ. ಕಾಲುವೆಗೆ ನೀರು ಕಡಿಮೆ ಬಿಟ್ಟಿದ್ದರು, ಎಲ್ಲರ ತಲೆ ಬಿಸಿಯಾಗಿತ್ತು. ನಾವಿನ್ನೂ ಬಸ್ಸಿನಲ್ಲಿರುವಾಗಲೇ ಮೊಬೈಲಿಗೆ ಒಂದು ವಿಡಿಯೋ ಬಂತು. ಒಂದು ಚಾನೆಲ್ಲಿನ ಸುದ್ದಿ. ಕೋಲು, ಕಲ್ಲು, ಕೂಗಾಟ, ಒಡೆದ ತೂಬು. ಕೆಳಗೆ ದಪ್ಪ ಅಕ್ಷರ — ದೇಶನೂರಿನಲ್ಲಿ ನೀರಿಗಾಗಿ ಬಡಿದಾಟ. ಮೇಡಂ ನೋಡಿದರು, ಮತ್ತೊಮ್ಮೆ ನೋಡಿದರು, "ಛೇ, ಬಡಿದಾಡೇಬಿಟ್ರಲ್ಲ" ಅಂದರು. ಅವರೂ ನಂಬಿದರು. ನಾನೂ ನಂಬಿದೆ.

ಊರಿಗೆ ಹೋದರೆ ಬಡಿದಾಟ ಇಲ್ಲ. ಆದರೆ ಇನ್ನೇನು ಆಗುವುದರಲ್ಲಿತ್ತು. ಕಾಲುವೆಯ ಕೆಳಗಿನ ಊರಿನವರು ಬಂದು ತೂಬು ಒಡೆದಿದ್ದಾರೆ ಅಂತ ಇವರು ಟ್ರ್ಯಾಕ್ಟರಿಗೆ ಕೋಲು ತುಂಬುತ್ತಿದ್ದರು. ಆ ಊರಿನಲ್ಲೂ ಇದೇ ವಿಡಿಯೋ, ತಮ್ಮವರನ್ನು ದೇಶನೂರಿನವರು ಹೊಡೆದಿದ್ದಾರೆ ಅಂತ ಅವರೂ ಹೊರಟಿದ್ದರಂತೆ. ಯೋಚನೆ ಮಾಡಿ — ಆಗದೇ ಇದ್ದ ಜಗಳವನ್ನು ಮೊಬೈಲಿನಲ್ಲಿ ನೋಡಿ ಎರಡು ಊರು ಜಗಳಕ್ಕೆ ಹೊರಟಿದ್ದವು. ತೂಬಿಗೆ ಏನಾಗಿದೆ ಅಂತ ನೋಡಲು ಒಬ್ಬರೂ ಹೋಗಿರಲಿಲ್ಲ.

ಮೇಡಂ ಟ್ರ್ಯಾಕ್ಟರಿನ ಮುಂದೆ ಹೋಗಿ ನಿಂತರು. ಬುದ್ಧಿ ಹೇಳಲಿಲ್ಲ. ಕೈ ಚಾಚಿ ಒಬ್ಬನ ಮೊಬೈಲ್ ಕೇಳಿದರು. ವಿಡಿಯೋ ಹಚ್ಚಿ ಅವನಿಗೇ ಹಿಡಿದು, "ಇದರಾಗ ನಿನ್ನ ಗುರುತಿನವರು ಯಾರದಾರ, ತೋರ್ಸಪ" ಅಂದರು. ಅವನು ನೋಡಿದ. ಪಕ್ಕದವನಿಗೆ ಕೊಟ್ಟ. ಅವನು ನೋಡಿದ. ಮೊಬೈಲ್ ಕೈಯಿಂದ ಕೈಗೆ ಹೋಗಿ ಜಡೆಪ್ಪಜ್ಜನ ಕೈಗೆ ಬಂತು.

"ನಿಮ್ಮೂರಿನ ಜಗಳದಾಗ ನಿಮ್ಮೂರಿನವರು ಒಬ್ರೂ ಇಲ್ಲೇನ್ರಿ?" ಅಂದರು ಮೇಡಂ.

ಅಜ್ಜ ಮೊಬೈಲನ್ನು ಕಿವಿಗೆ ಹಿಡಿದುಕೊಂಡು ಕೇಳಿದರು. ಆಮೇಲೆ ಹೇಳಿದರು, "ಇವರು ತೆಲುಗು ಮಾತಾಡಾಕತ್ಯಾರ. ಅದೂ ನಮ್ಮ ಕಡೀ ತೆಲುಗಲ್ಲ. ನಮ್ಮ ಬೀಗರು ಹಿಂಗ ಮಾತಾಡಂಗಿಲ್ಲ."

ನೋಡಿ, ಈ ತಪ್ಪು ನಮ್ಮ ಕಡೆಯವರಿಂದ ಮಾತ್ರ ಆಗಲು ಸಾಧ್ಯ. ಬೇರೆ ಜಿಲ್ಲೆಯವರಾಗಿದ್ದರೆ ಆ ಕೂಗು ಕಿವಿಗೆ ಬಿದ್ದ ಕೂಡಲೇ ಇದು ನಮ್ಮೂರಲ್ಲ ಅನ್ನುತ್ತಿದ್ದರು. ನಮ್ಮ ಮನೆಗಳಲ್ಲಿ ಅಜ್ಜಿ ತೆಲುಗಿನಲ್ಲಿ ಬೈಯುತ್ತಾಳೆ, ಮೊಮ್ಮಗ ಕನ್ನಡದಲ್ಲಿ ಎದುರು ಮಾತಾಡುತ್ತಾನೆ, ಅಂಗಡಿಯವನು ನಡುವೆ ಉರ್ದು ಸೇರಿಸುತ್ತಾನೆ. ಯಾರ ಕಿವಿಯೂ ನಿಮಿರುವುದಿಲ್ಲ. ಅದು ನಮ್ಮ ದೊಡ್ಡ ಗುಣ. ಎಲ್ಲಿಯದೋ ವಿಡಿಯೋಗೆ ಊರಿನ ಹೆಸರು ಅಂಟಿಸಿದವರಿಗೆ ಆ ಗುಣವೇ ಬಾಗಿಲು ತೆಗೆದುಕೊಟ್ಟಿತು. ಮೇಡಂ ಇದನ್ನು ತರಗತಿಯಲ್ಲಿ ತಮ್ಮ ಮೇಲೇ ಹಾಕಿಕೊಂಡು ಹೇಳಿದರು. "ನಾನು ಕೊಳಗಲ್ಲಿನೋಳು, ಎರಡೂ ಭಾಷಾದಾಗ ಬೆಳೆದೋಳು, ಎರಡು ಸಲ ನೋಡೀನಿ, ಗೊತ್ತಾಗಲಿಲ್ಲ. ಪಾಠ ಮಾಡೋರು ಬೀಳಂಗಿಲ್ಲ ಅಂತ ತಿಳ್ಕೋಬ್ಯಾಡ್ರಿ."

ಅಜ್ಜ ಕೆಳಗಿನ ಊರಿಗೆ ಫೋನ್ ಮಾಡಿದರು. ಎರಡೂ ಕಡೆ ಕೋಲು ಕೆಳಗಿಳಿದವು. ಆಮೇಲೆ ಚಹಾ ಕುಡಿಯುವಾಗ ಒಬ್ಬ ಮೆಲ್ಲಗೆ ಅಂದ, "ನನಗೂ ಅನುಮಾನ ಬಂದಿತ್ತು ಮೇಡಂ. ಎಲ್ಲಾರೂ ನಂಬ್ಯಾರಂತ ಸುಮ್ಕಿದ್ದೆ." ಅವನ ಪಕ್ಕದವನು, "ನಾನೂ" ಅಂದ. ಇನ್ನೊಬ್ಬ, "ನಾನೂ."

ವಾಪಸ್ ಬರುವಾಗ ಬಸ್ಸಿನಲ್ಲಿ ಶಶಿಯಕ್ಕ ನಗಲಿಲ್ಲ. "ಸುಳ್ಳು ಸುದ್ದಿಗೆ ನಾನು ಅಷ್ಟು ಹೆದರಂಗಿಲ್ಲ," ಅಂದರು. "ಈ ಸುಮ್ಕಿದ್ದೆ ಅನ್ನೋದಕ್ಕ ಹೆದರ್ತೀನಿ." ಅರ್ಧ ಊರಿಗೆ ಅನುಮಾನ ಇತ್ತು. ಪ್ರತಿಯೊಬ್ಬನೂ ತಾನೊಬ್ಬನೇ ಅಂದುಕೊಂಡಿದ್ದ. ಟಿವಿ ಅವರನ್ನು ನಂಬಿಸಿರಲಿಲ್ಲ — ಉಳಿದವರೆಲ್ಲ ನಂಬಿದ್ದಾರೆ ಅಂತ ನಂಬಿಸಿತ್ತು. ನಮ್ಮ ಬಸ್ಸಿನ ಜಗಳ ಅಲ್ಲಿಗೆ ಮುಗಿಯಿತು. ಅವರು ಗೆದ್ದರು ಅಂತ ಇಲ್ಲಿ ಎಲ್ಲರೆದುರು ಹೇಳುತ್ತೇನೆ. ಬದುಕಿದ್ದಾಗ ಹೇಳಿದ್ದರೆ ಬಹಳ ಜಂಬ ಪಡುತ್ತಿದ್ದರು.

ಮುಂದಿನದು ಸ್ವಲ್ಪ ಕಹಿ. ಕಾರ್ಯದರ್ಶಿಗಳು ಕ್ಷಮಿಸಬೇಕು. ಕ್ಷಮಿಸದಿದ್ದರೂ ಹೇಳುತ್ತೇನೆ.

ವಿಡಿಯೋ ಸುಳ್ಳು ಅಂತ ಗೊತ್ತಾದ ಮೇಲೂ ಕುರುಗೋಡಿನ ಒಂದು ಸಭೆಯಲ್ಲಿ ಒಬ್ಬ ಮುಖಂಡರು ಅದನ್ನೇ ಹಿಡಿದುಕೊಂಡು ಭಾಷಣ ಮಾಡಿದರು. ಮುಂದಿನ ಗುರುವಾರ ಮೇಡಂ ಅದೇ ಕಟ್ಟೆಯ ಮೇಲೆ ಆ ಭಾಷಣವನ್ನು ಮೊಬೈಲಿನಲ್ಲಿ ಹಾಕಿ, ಅದೇ ಪ್ರಶ್ನೆ ಕೇಳಿದರು: ಇದರಾಗ ನಿಮ್ಮ ಗುರುತಿನದು ಏನೈತಿ? ಅಷ್ಟೇ. ಮೇಡಂ ರಾಜಕೀಯ ಮಾಡುತ್ತಾರೆ ಅಂತ ಕಾಲೇಜಿಗೆ ದೂರು ಬಂತು. ಗುರುವಾರದ ಭೇಟಿ ಪಠ್ಯಕ್ಕೆ ಸಂಬಂಧವಿಲ್ಲ, ನಿಲ್ಲಿಸಿ ಅಂತ ಕಾಲೇಜು ಹೇಳಿತು. ಅವರು ರಜೆ ಹಾಕಿ ಹೋಗತೊಡಗಿದರು. ಬರುವ ವಿದ್ಯಾರ್ಥಿಗಳು ಬರುತ್ತಿದ್ದರು. ಹೋದ ತಿಂಗಳು ಮೇಡಂ ಹೃದಯಾಘಾತದಿಂದ ತೀರಿಕೊಂಡರು. ಮೊನ್ನೆ ಕಾಲೇಜಿನ ಗೋಡೆಗೆ ಒಂದು ಸುತ್ತೋಲೆ ಅಂಟಿಸಿದ್ದಾರೆ — ಇನ್ನು ಮುಂದೆ ಯಾವ ವಿದ್ಯಾರ್ಥಿಯೂ ಆ ಊರಿಗೆ ಹೋಗಕೂಡದು.

ಸರ್, ಇಲ್ಲಿ ಅವರ ಫೋಟೋಗೆ ನೀವೇ ಹಾರ ಹಾಕಿದಿರಿ. ನಿಮ್ಮ ದುಃಖ ನಿಜ ಅಂತ ನನಗೆ ಗೊತ್ತು. ಆದರೆ ಫೋಟೋಗೆ ಹಾರ, ಪಾಠಕ್ಕೆ ಬೀಗ — ಎರಡೂ ಒಟ್ಟಿಗೆ ಬೇಡ. ನಾಡಿದ್ದು ಗುರುವಾರ. ನಾನು ದೇಶನೂರಿಗೆ ಹೋಗುತ್ತೇನೆ. ರಜೆ ಕೊಟ್ಟರೆ ರಜೆ ಹಾಕಿ ಹೋಗುತ್ತೇನೆ. ಕೊಡದಿದ್ದರೂ ಹೋಗುತ್ತೇನೆ.

ಈ ಸಭೆಯ ವಿಡಿಯೋ ತೆಗೆಯುತ್ತಿರುವ ಹುಡುಗನನ್ನು ನೀವು ನೋಡುತ್ತಿದ್ದೀರಿ. ಮಾರೇಶ, ನಮ್ಮ ಹಳೆಯ ವಿದ್ಯಾರ್ಥಿ, ಬಡಿದಾಟದ ಸುದ್ದಿ ಹಾಕಿದ ಅದೇ ಚಾನೆಲ್ಲಿನಲ್ಲಿ ಕ್ಯಾಮೆರಾ ಹಿಡಿಯುತ್ತಾನೆ. ಆ ವಿಡಿಯೋ ಅವನು ತೆಗೆದದ್ದಲ್ಲ. ಆದರೂ ಮುಖ ತೋರಿಸಲು ನಾಚಿ ಬಹಳ ದಿನ ದೂರ ಇದ್ದ. ಮೇಡಂ ಅವನನ್ನು ಮನೆಗೆ ಕರೆಸಿ ಊಟಕ್ಕೆ ಕೂರಿಸಿ, "ನಿನ್ನ ಮ್ಯಾಲೆ ಸಿಟ್ಟಿಲ್ಲಪ. ಆದ್ರ ಅಷ್ಟು ದೊಡ್ಡ ಆಫೀಸಿನಾಗ ಊರಿಗೊಂದು ಫೋನ್ ಹಚ್ಚಿ ಕೇಳೋರು ಇಲ್ಲೇನ?" ಅಂದರಂತೆ. ಅವನು ಆಫೀಸಿಗೆ ಹೋಗಿ ಕೇಳಿದ. ಬೈಸಿಕೊಂಡ. ಆದರೆ ಕೇಳಿದ.

ಈಗ ಮೌನಾಚರಣೆ. ಮೇಡಂ ಹೆದರುತ್ತಿದ್ದದ್ದು ಒಂದು ಮೌನಕ್ಕೆ — ಮನಸ್ಸಿನಲ್ಲಿ ಅನುಮಾನ ಇಟ್ಟುಕೊಂಡು ಸುಮ್ಮನಿರುವ ಮೌನಕ್ಕೆ. ನಾನು ಕೇಳುತ್ತಿರುವುದು ಅದಲ್ಲ. ಎರಡು ನಿಮಿಷ ಶಶಿಯಕ್ಕನನ್ನು ನೆನೆಯುವ ಮೌನ. ಮೊಬೈಲ್ ಜೇಬಿನಲ್ಲಿರಲಿ. ಮಾರೇಶ, ಕ್ಯಾಮೆರಾ ಕೆಳಗಿಟ್ಟು ಬಾ, ನಮ್ಮ ಜೊತೆ ನಿಲ್ಲು.

ಇನ್ನೊಂದೇ ಮಾತು. ಎರಡು ನಿಮಿಷ ಆದ ಮೇಲೆ ಎಲ್ಲರೂ ಕೂರುತ್ತಾರೆ, ಅದು ರೂಢಿ. ಗುರುವಾರ ನನ್ನ ಜೊತೆ ಕಟ್ಟೆಗೆ ಬರುವವರು ಮಾತ್ರ ಕೂರಬೇಡಿ. ನಿಂತೇ ಇರಿ. ನಿಂತುಕೊಂಡು ಅಕ್ಕಪಕ್ಕದವರ ಮುಖ ನೋಡಿ. ಇನ್ನೂ ಯಾರು ಯಾರು ನಿಂತಿದ್ದಾರೆ ಅಂತ ನಿಮಗೂ ಗೊತ್ತಾಗಲಿ, ಕಾರ್ಯದರ್ಶಿಗಳಿಗೂ ಗೊತ್ತಾಗಲಿ.

ಎಲ್ಲರೂ ಎದ್ದು ನಿಲ್ಲಬೇಕು.